ಬೆನ್ನು ತಿರುಗಿಸಿ ನಿಂತವನಿಗೆ

ಅಪ್ಪಾ,

ಪ್ರೀತಿಯ ಎಂದು ಬರೆಯಲು ಕೈ ಏಳುವುದಿಲ್ಲ. ನೀನೆಲ್ಲಿದ್ದೀಯೋ ಗೊತ್ತಿಲ್ಲ, ಹುಡುಕುವ ದರ್ದೂ ನನಗಿಲ್ಲ.

ಇವತ್ತು ಎದುರಾಳಿಗಳ ಊರಿಗೇ ಹೋಗಿ ನಮ್ಮ ತಂಡ ಒಂದೇ ಗೋಲಿನಿಂದ ಗೆದ್ದಿತು. ಗೆದ್ದಿತು ಅನ್ನುವುದಕ್ಕಿಂತ ಬದುಕಿಕೊಂಡಿತು. ಆಟ ಇನ್ನೇನು ಮುಗಿಯಬೇಕು, ಅವರಿಗೊಂದು ಪೆನಾಲ್ಟಿ ಸಿಕ್ಕಿತು. ಇಂಥ ಹೊತ್ತಿನಲ್ಲಿ ನೀನು ಮೈದಾನಕ್ಕೆ ಬೆನ್ನು ಮಾಡಿ, "ನನ್ ಕೈಲಾಗಲ್ಲ, ನೀನೇ ನೋಡಿ ಹೇಳು ಮಗಳೇ" ಅನ್ನುತ್ತಿದ್ದೆ. ಪುಕ್ಕಲ! ಅಮ್ಮ ಕಣ್ಣು ಮುಚ್ಚಿದ ದಿನವೂ ವಾರ್ಡಿನ ಹೊರಗೆ ಗೋಡೆಗೆ ಮುಖ ಮಾಡಿ ಅದನ್ನೇ ಅಂದೆ. ನಾನು ನೋಡಿದೆ. ಹೇಳಲು ಹೊರಗೆ ಬಂದರೆ ನೀನೇ ಇರಲಿಲ್ಲ. ಆಮೇಲೆ ಮನೆಗೂ ಬರಲಿಲ್ಲ.

ಇವತ್ತೂ ನಾನು ರೆಪ್ಪೆ ಮಿಟುಕಿಸದೆ ನೋಡಿದೆ. ಚೆಂಡು ನಮ್ಮ ಗೋಲ್‌ಕೀಪರನ ಬೆರಳಿಗೆ ತಾಗಿ, ಕಂಬಕ್ಕೆ ಬಡಿದು, ಹೊರಗೆ ಹೋಯಿತು. ನಮ್ಮವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಪಕ್ಕದಲ್ಲಿದ್ದ ಹೆಂಗಸು ಮಾತ್ರ ನನ್ನ ತೋಳು ಹಿಡಿದು ಕೇಳಿದಳು:

"ಹಿಂದೆ ಯಾರೂ ಇಲ್ವಲ್ರೀ. 'ಹೊರಗೆ ಹೋಯ್ತು, ಇನ್ನು ತಿರುಗು' ಅಂತ ಯಾರಿಗೆ ಹೇಳ್ತಿದೀರಾ?"

ನನ್ನ ಬಾಯಿಗಿಷ್ಟು ಬೆಂಕಿ ಹಾಕ.

"ಯಾರಿಗೂ ಇಲ್ಲ ಬಿಡಿ" ಅಂದೆ.