ಪಾಲಿಷ್ ಬಾಟಲಿ

ಫೆಬ್ರವರಿ 20, ಗುರುವಾರ

ಭೈರೇಶನ ಮುಖ ನೆನಪಾದರೆ ಈಗಲೂ ಮೈ ಉರಿಯುತ್ತದೆ. ನಾಯಂಡಹಳ್ಳಿಯಲ್ಲಿ ಅಪ್ಪನ ಸೈಟಿತ್ತು, ಕಾರಿಗೆ ಬಣ್ಣ ಹೊಡೆಯುವ ಶೆಡ್ ಹಾಕಿದ. ಫೋನಿನಲ್ಲಿ ನಾಲ್ಕು ವಿಡಿಯೊ ನೋಡಿದ ಮಾತ್ರಕ್ಕೆ ಪೇಂಟರ್ ಕೂಡ ಆಗಿಬಿಟ್ಟ!

ಈ ವಾರ ಬಂದ ಗಿರಾಕಿಯ ಕಾರಿನ ಡ್ಯಾಶ್‌ಬೋರ್ಡ್ ಪಟ್ಟಿಯ ಮೇಲೆ ಚರ್ಮದಂಥ ತರಿ ಇತ್ತು. ಎರಡು ದಿನ ನೀರು ಹಾಕಿ ಎಮರಿ ಪೇಪರಿನಲ್ಲಿ ಉಜ್ಜಿ ಅದನ್ನು ನುಣ್ಣಗೆ ಮಾಡಿದವನು ನಾನು. ಬೆರಳ ತುದಿ ಸವೆದುಹೋಗಿ ಫೋನ್ ಕೂಡ ನನ್ನ ಗುರುತು ಹಿಡಿಯುತ್ತಿಲ್ಲ.

ಉಜ್ಜಿದ ಪ್ಲಾಸ್ಟಿಕ್ ಮಂಕಾಗಿದ್ದರೇ ಬಣ್ಣ ಹಿಡಿಯುವುದು. ನಮ್ಮ ಭೈರೇಶ ಸಾಹೇಬರಿಗೆ ಆ ಮಂಕು ಹಿಡಿಸಲಿಲ್ಲ. ಗಿರಾಕಿಗೆ ಫೋಟೊ ಕಳಿಸಬೇಕೆಂದು ಡ್ಯಾಶ್‌ಬೋರ್ಡ್ ಪಾಲಿಷ್ ಸುರಿದು ಒರೆಸಿದ. "ರುದ್ರಣ್ಣ, ಈಗ ನೋಡಿ, ಹೆಂಗ್ ಮಿಂಚ್ತಾ ಇದೆ!" ಅಂದ. ಆ ಜಿಡ್ಡನ್ನು ತೊಳೆಯದೆ ತಾನೇ ಬಣ್ಣವನ್ನೂ ಹೊಡೆದ. ನಿಮಿಷದೊಳಗೆ ಬಣ್ಣ ಅಲ್ಲಲ್ಲಿ ಸರಿದು, ಪಟ್ಟಿಯ ತುಂಬ ಸಿಡುಬಿನಂಥ ಗುಳಿಗಳು.

"ಈ ಪೇಂಟೇ ಡೂಪ್ಲಿಕೇಟ್ ಕಣಣ್ಣ" ಅಂತ ಡಬ್ಬಿಯನ್ನು ಬೈದ, ಕತ್ತೆ.

ಒಳಗೊಳಗೇ ಖುಷಿಪಟ್ಟೆ. ಅವನು ಬಾಟಲಿ ಎತ್ತಿದಾಗಲೇ ನೋಡಿದ್ದೆ. ಬೇಡ ಅನ್ನಲು ಒಂದು ಮಾತು ಸಾಕಿತ್ತು. ಬುದ್ಧಿ ಕಲೀಲಿ ನನ್ಮಗ ಅಂದುಕೊಂಡು ಟೀ ಕುಡಿಯುತ್ತ ಕೂತೆ.

ಅವನೇನೂ ಕಲಿಯಲಿಲ್ಲ. ಸಂಜೆ ಶಟರ್ ಎಳೆಯುತ್ತ, "ನಾಳೆ ಬೇಗ ಬನ್ನಿ ಅಣ್ಣ, ಇನ್ನೊಂದ್ಸಲ ಉಜ್ಜಿಬಿಡಿ" ಅಂದ. ಮಧ್ಯಾಹ್ನ ಬಾಯಿ ಬಿಡದಿದ್ದವನು ಆಗ ಮಾತ್ರ ತಟ್ಟನೆ "ಹೂಂ" ಅಂದೆ.

ಥೂ. ಬೆರಳು ಉರಿಯುತ್ತಿದೆ, ಪೆನ್ನು ಹಿಡಿಯಲೂ—