ಅರ ಹಾಕಿದ ಬಕಲುಗಳು

ಪಾಪೆನ್‌ಬುರ್ಗ್,
೧೫ ಅಕ್ಟೋಬರ್ ೨೦೦೬

ಪ್ರೀತಿಯ ಒನ್ನೊ ಅಣ್ಣನಿಗೆ,

ನೀನೂ ಅತ್ತಿಗೆಯೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು, ಬೇಸರಿಸಬೇಡ. ಬರೆಯಲು ಕೂತಾಗಲೆಲ್ಲ ವಸ್ತುಸಂಗ್ರಹಾಲಯದಿಂದ ಫೋನ್ ಬರುತ್ತಿತ್ತು. ಹೌದು, ನನ್ನ ಬೆಲ್ಟಿನ ಬಕಲುಗಳು ಕಡೆಗೂ ಗಾಜಿನ ಪೆಟ್ಟಿಗೆ ಸೇರಿದವು. ಪಕ್ಕದಲ್ಲಿ ‘ಗೆಸೀನೆ ಹಾರ್ಮ್ಸ್ ಅವರ ಸಂಗ್ರಹ’ ಎಂಬ ಫಲಕ. ಹೋದಾಗಲೆಲ್ಲ ಓದುತ್ತೇನೆ, ನಾಚಿಕೆಯಿಲ್ಲದೆ.

ಓಲ್ಡೆನ್‌ಬುರ್ಗ್‌ನ ಹಳೇ ಸಾಮಾನಿನ ಸಂತೆಯಲ್ಲಿ ಗಂಡಸರು ನನ್ನನ್ನು ಗುಜರಿ ಅಕ್ಕ ಎನ್ನುತ್ತಿದ್ದರು. ನಾಜಿ ಕಾಲದಲ್ಲಿ ನಮ್ಮ ಜೌಗುನೆಲ ಅಗೆದ ಕಡ್ಡಾಯ ಕಾರ್ಮಿಕ ಸೇವೆಯ ಹುಡುಗರ ಬಕಲೆಂದರೆ ಅವರಿಗೆ ಸಲಿಕೆ, ತೆನೆ, ನಡುವಿನ ಸ್ವಸ್ತಿಕದಂಥ ಕೊಕ್ಕೆಶಿಲುಬೆ, ಎಲ್ಲವೂ ಹೊಳೆಯಬೇಕು. ನನಗೆ ಬೇಕಾದದ್ದು, ಯುದ್ಧ ಸೋತ ಮೇಲೆ ಜನ ಆ ಶಿಲುಬೆಯನ್ನು ಅರದಿಂದ ಉಜ್ಜಿ ಅಳಿಸಿ ಮತ್ತೆ ಸೊಂಟಕ್ಕೆ ಕಟ್ಟಿಕೊಂಡ ಬಕಲುಗಳು.

“ಕೆಟ್ಟುಹೋದದ್ದನ್ನೇ ಆರಿಸ್ತೀಯಲ್ಲಕ್ಕಾ, ನಿನ್ನ ಗಂಡನ್ನೂ ಹೀಗೇ ಆರಿಸಿದ್ಯಾ?” ಎಂದು ವ್ಯಾಪಾರಿ ಐಲರ್ಟ್ ಒಮ್ಮೆ ಕಿಚಾಯಿಸಿದ್ದ.

“ಅವನನ್ನೂ ಉಜ್ಜೀ ಉಜ್ಜೀ ಸರಿಮಾಡಿದ್ದು ಕಣೋ” ಎಂದಿದ್ದೆ.

ಸಂಗ್ರಹಾಲಯದ ಸಮಿತಿಯಲ್ಲಿ ಮೊದಲು ಯಾರಿಗೂ ಇದು ಬೇಕಿರಲಿಲ್ಲ. “ಆ ಕಾಲದ ಪೂಜೆ ನಮ್ಮಲ್ಲಿ ಬೇಡ” ಎಂದರು ಅಧ್ಯಕ್ಷೆ ಮೈನರ್ಟ್ಸ್. ನಾನು ಒಂದು ಬಕಲನ್ನು ಅವರ ಕೈಗಿಟ್ಟೆ. ಶಿಲುಬೆಯಿದ್ದ ಕಡೆ ಹೆಬ್ಬೆರಳು ಆಡಿಸಿದರು. “ಇದನ್ನ ಇಡದಿದ್ರೆ ತಪ್ಪಾಗತ್ತೆ” ಎಂದರು ಆಮೇಲೆ.

ಉದ್ಘಾಟನೆಗೆ ಐಲರ್ಟ್ ಕೋಟು ಹಾಕಿಕೊಂಡು ಬಂದಿದ್ದ, ಕಿಚಾಯಿಸಲಿಲ್ಲ. ಕಾಲುವೆಯಾಚೆಯ ಟಾಮೆನ್ ಅಜ್ಜಿ ಕೋಲೂರಿಕೊಂಡು ಬಂದರು. “ಇಂಥದ್ದೊಂದನ್ನ ನಾನೂ ಉಜ್ಜಿದ್ದೆ ಮಗಳೇ. ನಮ್ಮಣ್ಣಂದು. ಮನೇಲಿದ್ದದ್ದೇ ಅದೊಂದು ಬೆಲ್ಟು. ಅರ ಇರ್ಲಿಲ್ಲ, ಬಾವಿಕಟ್ಟೆಗೆ ಉಜ್ಜಿದ್ದು. ಉಗುರೆಲ್ಲ ಕಿತ್ತುಹೋಗಿತ್ತು” ಎಂದರು. ಮರುದಿನ ಮೊಮ್ಮಗಳ ಕೈಲಿ ಆ ಬಕಲನ್ನೇ ಕಳಿಸಿಕೊಟ್ಟರು. ಅದನ್ನು ಎಲ್ಲಕ್ಕಿಂತ ಮುಂದಿಟ್ಟಿದ್ದೇವೆ. ನನ್ನ ಕೈಯಾರೆ ಇಟ್ಟೆ ಅಣ್ಣಾ, ಬೆನ್ನು ಸೆಟೆಸಿಕೊಂಡು.

ಚಳಿ ಜೋರಾಗುವ ಮೊದಲೇ ಇಬ್ಬರೂ ಬನ್ನಿ. ಚಹಾಕ್ಕೆ ಕಲ್ಲುಸಕ್ಕರೆ, ಕೆನೆ ಎಲ್ಲ ಇದೆ. ದೇವರು ನಿಮ್ಮನ್ನು ನೆಮ್ಮದಿಯಾಗಿ ಇಟ್ಟಿರಲಿ.

ನಿನ್ನ ತಂಗಿ,
ಗೆಸೀನೆ

ಮರೆತಿದ್ದೆ: ಅಪ್ಪನ ಕಾರ್ಮಿಕ ಸೇವೆಯ ಬಕಲೂ ಅಲ್ಲಿದೆಯಾ ಎಂದು ಕೇಳಿದ್ದೀಯ. ಇಲ್ಲ. ಯುದ್ಧ ಮುಗಿದ ದಿನವೇ ಶಿಲುಬೆಯನ್ನು ಉಜ್ಜಿ ಹಾಕಿದೆ ಎಂದು ಅಪ್ಪ ನಮಗೆ ಹೇಳುತ್ತಿದ್ದರಲ್ಲ, ಆ ಮಾತು ನಂಬಿಕೊಂಡೇ ನಾನು ಇವನ್ನು ಹುಡುಕಲು ಹೊರಟಿದ್ದು. ಅವರು ಹೋದ ಮೇಲೆ ಕಪಾಟು ಖಾಲಿ ಮಾಡುವಾಗ ಅದು ಸಿಕ್ಕಿತು. ಮೆತ್ತನೆ ಬಟ್ಟೆಯಲ್ಲಿ ಸುತ್ತಿತ್ತು, ಪಕ್ಕದಲ್ಲೇ ಪಾಲಿಶ್ ಡಬ್ಬಿ. ಶಿಲುಬೆಯ ಮೇಲೆ ಒಂದು ಗೀರೂ ಇಲ್ಲ ಅಣ್ಣಾ. ಐಲರ್ಟ್ ನೋಡಿದರೆ ಕುಣಿದಾಡುತ್ತಾನೆ, ಅಷ್ಟು ಹೊಳೆಯುತ್ತದೆ.