ಪತ್ತನಾಜೆಗೆ ಬಿತ್ತಿದ ಬೀಜ

ಎಗೈಲಾ, ಕುವೈತ್
14 ಜೂನ್ 2002, ಶುಕ್ರವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಸುಗಂಧಿ ಬರೆಯುವುದು. ಮೈಗೆ ಏನೂ ತೊಂದರೆ ಇಲ್ಲ, ಊಟ ನಿದ್ರೆ ಸರಿಯಾಗಿದೆ. ನಿನ್ನ ಎರಡು ಕಾಗದ ಬಂದು ತಿಂಗಳು ಕಳೆಯಿತು. ಉತ್ತರ ಬರೆಯದೆ ಕೂತದ್ದು ನನ್ನದೇ ತಪ್ಪು. ಮೂರು ಸಲ ಬರೆದೆ, ಮೂರು ಸಲವೂ ಹರಿದು ಹಾಕಿದೆ. ಟೀಚರಿಗೆ ಕಾಗದ ಬರೆಯುವುದೆಂದರೆ ಪರೀಕ್ಷೆಗೆ ಕೂತ ಹಾಗೆ ಆಗುತ್ತದೆ. ಒತ್ತಕ್ಷರ ತಪ್ಪಿದ್ದರೆ ಕ್ಷಮಿಸು, ಭಾವನಿಗೆ ತೋರಿಸಿ ನಗಬೇಡ.

ಪುಟ್ಟನಿಗೆ ಹಲ್ಲು ಬಂತೇ? ಅಪ್ಪನ ಮೊಣಕಾಲು ನೋವು ಹೇಗಿದೆ? ಅಲ್ಲಿ ಮಳೆ ಹಿಡಿದಿರಬೇಕು. ಇಲ್ಲಿ ಮಳೆ ಎಂಬ ಮಾತೇ ಇಲ್ಲ. ಬೆಳಿಗ್ಗೆ ನಾಲ್ಕೂವರೆಗೇ ಬೆಳಕಾಗುತ್ತದೆ, ಏಳು ಗಂಟೆಗೆ ಬಾಗಿಲಿನ ಹಿಡಿ ಮುಟ್ಟಿದರೆ ಕೈ ಸುಡುತ್ತದೆ.

ಈ ಸಲ ನಿನಗೆ ಹೇಳಬೇಕಾದ ಸುದ್ದಿ ಒಂದಿದೆ. ನಾವಿರುವುದು ಕೆಳಗಿನ ಅಂತಸ್ತಿನ ಮನೆ. ಹಿಂದುಗಡೆ ಸ್ವಲ್ಪ ಖಾಲಿ ನೆಲವಿದೆ, ಎರಡು ಸೀರೆ ಹಾಸುವಷ್ಟು. ಕಳೆದ ಏಪ್ರಿಲಿನಲ್ಲಿ ಈ ಬಾಡಿಗೆ ಮನೆಯ ಯಜಮಾನ ಅರಬಿ ಬಂದಿದ್ದರು. ಆ ನೆಲಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿಸಿ ಕಾರು ನಿಲ್ಲಿಸುವ ಜಾಗ ಮಾಡುತ್ತೇನೆ ಎಂದರು. ನಮ್ಮ ಕಾವೇರಮ್ಮ ಮೇಡಂಗೆ ಮನಸ್ಸಿಲ್ಲ. "ನಾವು ಅಲ್ಲಿ ತರಕಾರಿ ಹಾಕೋಣ ಅಂತಿದ್ದೀವಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅರಬಿ ನಕ್ಕುಬಿಟ್ಟರು. ಇಲ್ಲಿಯ ಬೇಸಿಗೆಯಲ್ಲಿ ಹಲ್ಲಿಯೂ ನೆಲಕ್ಕೆ ಕಾಲೂರುವುದಿಲ್ಲ, ನೀವು ತರಕಾರಿ ಬೆಳೆಯುತ್ತೀರಾ ಎಂದರಂತೆ. ಮೇಡಂನ ಗಂಡ ರಾಜಗೋಪಾಲ ಸಾರ್ ಅದನ್ನು ನಮಗೆ ಕನ್ನಡದಲ್ಲಿ ಹೇಳಿದರು.

ನಾನು ಚಹಾದ ಟ್ರೇ ಹಿಡಿದುಕೊಂಡು ನಿಂತಿದ್ದೆ. ಅಕ್ಕ, ನಾನು ಈ ಮನೆಗೆ ಕೆಲಸಕ್ಕೆ ಬಂದು ಎರಡು ವರ್ಷವಾಯಿತು, ಕೇಳಿದ್ದಕ್ಕೆ ಹೂಂ, ಊಹೂಂ ಎಂದದ್ದು ಬಿಟ್ಟರೆ ದೊಡ್ಡದಾಗಿ ಒಂದು ಮಾತು ಆಡಿದವಳಲ್ಲ. ಅವತ್ತು ಬಾಯಿಂದ ಬಂದೇಹೋಯಿತು. "ನಾನು ಬೆಳೆಸ್ತೇನೆ ಮೇಡಂ."

"ನೀನಾ?" ಎಂದರು ಮೇಡಂ.

"ಊರಲ್ಲಿ ನಾನೇ ಮಾಡ್ತಿದ್ದದ್ದು."

ಸಾರ್ ಅದನ್ನು ಅರಬಿಗೆ ಹೇಳಿದರು. ಅರಬಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಆಗಸ್ಟ್ ಮುಗಿಯಲಿ, ನಾನೇ ಬಂದು ನೋಡುತ್ತೇನೆ, ಬುಟ್ಟಿಯಲ್ಲಿ ಹಾಕಿ ಕೊಡುವಷ್ಟು ತರಕಾರಿ ಇದ್ದರೆ ನೆಲ ನಿಮಗೆ, ಇಲ್ಲದಿದ್ದರೆ ಖಲಾಸ್ ಎಂದರು. ಸಾರ್ ಕೈ ಕುಲುಕಿದರು. ಕೈ ಅವರದು, ಮಾತು ನನ್ನದು. ಸೋತರೆ ಅವರ ಮಾನ ಹೋಗುತ್ತದೆ ಎಂದು ಹೆದರಿದೆ.

ಆದರೂ ಒಳಗೆ ಒಂದು ಧೈರ್ಯವಿತ್ತು. ನನಗೆ ಬರುವ ವಿದ್ಯೆ ಇದೊಂದೇ. ಸುಗಂಧಿ ಕೈಯಿಟ್ಟರೆ ಪಾಗಾರದ ಕಲ್ಲಿನಲ್ಲೂ ಹರಿವೆ ಏಳುತ್ತದೆ ಎಂದು ಅಪ್ಪನೂ ನೀನೂ ನೆಂಟರ ಮುಂದೆಲ್ಲ ಹೇಳುತ್ತಿದ್ದಿರಿ. ಮತ್ತೆ ಈ ಮನೆಯಲ್ಲಿ ನನ್ನದು ಎನ್ನುವ ಜಾಗ ಬೇರೆ ಇಲ್ಲ. ಮಲಗುವುದು ಇಸ್ತ್ರಿ ಮೇಜಿನ ಪಕ್ಕ. ಆ ನೆಲದಲ್ಲಿ ನಿಂತರೆ ಮಾತ್ರ ತಲೆಯ ಮೇಲೆ ಆಕಾಶ.

ನಾನು ಅವಸರ ಮಾಡಲಿಲ್ಲ. ಊರಲ್ಲಿ ಮಳೆಗಾಲಕ್ಕೆ ದಿನ ಹಿಡಿಯುವ ಪತ್ತನಾಜೆ ಬರಲಿ ಎಂದು ಕಾದೆ. ಪತ್ತನಾಜೆಗೆ ಮುಂಚೆ ಬಿತ್ತಿದ ಬೀಜ ಹಕ್ಕಿಗೆ, ನಂತರ ಬಿತ್ತಿದ್ದು ಮನೆಗೆ ಎಂದು ಅಪ್ಪ ಹೇಳುತ್ತಿದ್ದರಲ್ಲ. ಸಾರ್ ರಾಯ್ ಎಂಬಲ್ಲಿಯ ಗಿಡದ ಸಂತೆಗೆ ಹೋಗಿ ನಾಲ್ಕು ಚೀಲ ಕುರಿಗೊಬ್ಬರ ತಂದುಕೊಟ್ಟರು. ಮೇ ಇಪ್ಪತ್ತೈದಕ್ಕೆ ಬೆಳಿಗ್ಗೆ ಮಿಂದು, ನಮ್ಮಲ್ಲಿ ಮಾಡುವ ಹಾಗೆಯೇ ಮಣ್ಣು ಏರಿಸಿ ಮೊಣಕಾಲೆತ್ತರ ಸಾಲು ಮಾಡಿ, ನೆತ್ತಿಯಲ್ಲಿ ಬೀಜ ಊರಿದೆ. ಬೆಂಡೆ, ಮುಳ್ಳುಸೌತೆ, ಹೀರೆ, ಅಲಸಂಡೆ. ಸಾಲು ಎಷ್ಟು ಚಂದ ಇತ್ತೆಂದರೆ ಮೇಡಂ ಫೋಟೋ ತೆಗೆದರು.

ಪಕ್ಕದ ಮನೆಯ ತೋಟ ನೋಡುವವರು ಬಂಗಾಳಿ, ವಯಸ್ಸಾದವರು, ಸಿರಾಜುಲ್ ಚಾಚಾ ಎಂದು. ಗೋಡೆಯ ಆಚೆಯಿಂದ ಇಣುಕಿ, "ಬೇಟಿ, ಅಭೀ ನಹೀ, ಅಭೀ ನಹೀ" ಎಂದರು. ಈಗ ಬೇಡ ಎಂದರ್ಥ. ಗಂಡಸರ ಹತ್ತಿರ ಮಾತಾಡಲು ನನಗೆ ನಾಚಿಕೆ, ತಲೆಯಾಡಿಸಿ ಒಳಗೆ ಬಂದೆ. ಪತ್ತನಾಜೆ ಇವರಿಗೇನು ಗೊತ್ತು ಎಂದುಕೊಂಡೆ.

ಬೀಜ ನಾಲ್ಕೇ ದಿನಕ್ಕೆ ಮೊಳೆಯಿತು. ನಾನು ಹಿಗ್ಗಿದೆ. ಐದನೆಯ ದಿನ ಮಧ್ಯಾಹ್ನ ನೋಡಿದರೆ ಎಲ್ಲ ಎಲೆ ಕಾಯಿಸಿದ ಹಪ್ಪಳದ ಹಾಗೆ ಮುದುಡಿತ್ತು. ಓಡಿಹೋಗಿ ಪೈಪಿನಲ್ಲಿ ನೀರು ಬಿಟ್ಟೆ. ಆ ನೀರು ತಾರಸಿಯ ಟ್ಯಾಂಕಿನದು. ನನ್ನ ಕಾಲ ಮೇಲೆ ಬಿದ್ದಾಗಲೇ ಗೊತ್ತಾದದ್ದು, ಅದು ಬಾಣಂತಿಯ ಬಚ್ಚಲ ನೀರಿಗಿಂತ ಬಿಸಿ. ಅಷ್ಟರಲ್ಲಿ ಅರ್ಧ ಸಾಲು ಬೆಂದಿತ್ತು. ಯಾಮಿನಿ, ಇವರ ಮಗಳು, ಒಂಬತ್ತು ವರ್ಷದವಳು, ಕಿಟಕಿಯಿಂದ ನೋಡಿ, "ಸುಗಂಧಿ ಆಂಟಿ, ಯೂ ಕುಕ್ಡ್ ಇಟ್!" ಎಂದು ಕೂಗಿದಳು. ನನಗೆ ಅಳು ಬಂತು, ಅವಳ ಮೇಲೆ ಸಿಟ್ಟೂ ಬಂತು.

ಬೀಜ ಅರ್ಧ ಉಳಿಸಿಕೊಂಡಿದ್ದೇನೆ. ಪುನಃ ಹಾಕುತ್ತೇನೆ. ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಬೇಡ.

ನಿನ್ನ ತಂಗಿ,
ಸುಗಂಧಿ


ಎಗೈಲಾ
19 ಜುಲೈ 2002

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಸಿಕ್ಕಿತು. ಪುಟ್ಟ ಅಂಬೆಗಾಲಿಡುತ್ತಾನೆ ಎಂದು ಓದಿ ಮೇಡಂಗೂ ಹೇಳಿದೆ. "ಸಾಲಿಗೆ ಬೂದಿ ಹಾಕು, ಸುಡುಮಣ್ಣು ಹಾಕು" ಎಂದು ಬರೆದಿದ್ದೀಯ. ಎಲ್ಲಿಂದ ತರಲಿ ಅಕ್ಕ? ಇಲ್ಲಿ ಅಡಿಗೆ ಗ್ಯಾಸಿನಲ್ಲಿ. ಅಂಗಳದಲ್ಲಿ ಬೆಂಕಿ ಹಾಕಿದರೆ ಪೊಲೀಸರೇ ಬಂದಾರು.

ಎರಡನೆಯ ಸಲ ಬಿತ್ತಿದ್ದೂ ಅರ್ಧಕ್ಕರ್ಧ ಹೋಯಿತು. ಬೇರೆ ದಾರಿ ಕಾಣದೆ ನಾಚಿಕೆ ಬಿಟ್ಟು ಗೋಡೆಯ ಹತ್ತಿರ ಹೋಗಿ ಸಿರಾಜುಲ್ ಚಾಚಾರನ್ನು ಕರೆದೆ. ಅವರು ನನ್ನ ಸಾಲುಗಳನ್ನು ನೋಡಿ ಹಣೆ ಹಣೆ ಬಡಿದುಕೊಂಡರು. "ಉಲ್ಟಾ ಕಿಯಾ, ಬೇಟಿ! ಪೂರಾ ಉಲ್ಟಾ!" ನೀನು ಎಲ್ಲ ತಲೆಕೆಳಗು ಮಾಡಿದ್ದೀ ಎಂದು.

ಆಮೇಲೆ ಅವರು ಕೈಸನ್ನೆ ಮಾಡಿ ಹೇಳಿದ್ದು ಇಷ್ಟು. ನಿಮ್ಮಲ್ಲಿ ನೀರು ಹೆಚ್ಚು, ಬೇರು ಕೊಳೆಯಬಾರದೆಂದು ಮಣ್ಣು ಏರಿಸುತ್ತೀರಿ. ಇಲ್ಲಿ ಏರಿಸಿದರೆ ನಾಲ್ಕು ಕಡೆಯಿಂದಲೂ ಗಾಳಿ ನೀರನ್ನು ಕುಡಿಯುತ್ತದೆ. ಇಲ್ಲಿ ತೋಡಬೇಕು. ಗಿಡ ಗುಂಡಿಯ ತಳದಲ್ಲಿ ಕೂತಿರಬೇಕು, ಬಾವಿಗೆ ಬಿದ್ದ ಕೊಡದ ಹಾಗೆ.

ಹತ್ತನೇ ವಯಸ್ಸಿನಿಂದ ಮಣ್ಣು ಏರಿಸಿದ ಕೈ ಅಕ್ಕ ಇದು. ಯಾಕೆ ಏರಿಸುತ್ತೇವೆ ಎಂದು ಒಂದು ದಿನ ಯೋಚಿಸಿದವಳಲ್ಲ. ಎಲ್ಲ ಸಾಲನ್ನು ಒಡೆದು ಗುಂಡಿ ತೋಡಿದೆ. ಸಾರ್ ಹೊರಟ ಕೂಡಲೇ ಐದು ಗಂಟೆಗೆ ಶುರು, ಆರೂವರೆಗೆ ಬೆವರು ಕಣ್ಣಿಗಿಳಿದು ಏನೂ ಕಾಣುವುದಿಲ್ಲ. ಮೇಡಂ ಹಳೆಯ ಎರಡು ಕಾಟನ್ ಸೀರೆ ಕೊಟ್ಟರು, ಅದನ್ನು ಚಪ್ಪರದ ಹಾಗೆ ಕಟ್ಟಿದ್ದೇನೆ. ಏಸಿಯಿಂದ ತೊಟ್ಟಿಕ್ಕುವ ನೀರು ತಣ್ಣಗಿರುತ್ತದೆ, ಪೇಂಟಿನ ಡಬ್ಬ ಇಟ್ಟು ಹಿಡಿಯುತ್ತೇನೆ. ಮೂರು ಕೋಣೆಯಿಂದ ದಿನಕ್ಕೆ ಐದು ಡಬ್ಬ.

ಮೊನ್ನೆ ಎರಡು ದಿನ ಧೂಳಿನ ಗಾಳಿ ಬೀಸಿತು. ಆಕಾಶ ಅರಶಿನ ಕದಡಿದ ಹಾಗೆ. ಒಂದು ಸೀರೆ ಹಾರಿ ಪಕ್ಕದ ಮನೆಯ ಡಿಶ್ಶಿಗೆ ಸಿಕ್ಕಿಕೊಂಡಿತು. ಸಾರ್ ಮೇಡಂಗೆ, "ನಿನ್ನ ಮದುವೆ ಸೀರೆ ಈಗ ಇಡೀ ಎಗೈಲಾಕ್ಕೆ ಕಾಣ್ತಿದೆ ನೋಡು" ಎಂದರು. ಎಲ್ಲರೂ ನಕ್ಕರು. ನನಗೆ ಮಾತ್ರ ಆ ಹೊತ್ತಿಗೆ ನಗು ಬರಲಿಲ್ಲ. ಅಲಸಂಡೆಯೆಲ್ಲ ಮಣ್ಣಿನಡಿ ಹೋಗಿತ್ತು.

ಈಗ ಉಳಿದದ್ದು ಮುಳ್ಳುಸೌತೆ ಬಳ್ಳಿ ಎರಡು, ಬೆಂಡೆ ಐದು. ಸೌತೆಯಲ್ಲಿ ಬರೀ ಗಂಡುಹೂ. ಅಪರೂಪಕ್ಕೆ ಹೆಣ್ಣುಹೂ ಬಂದರೆ ಮಧ್ಯಾಹ್ನಕ್ಕೆ ಉದುರುತ್ತದೆ. ಒಂದೇ ಒಂದು ಕಾಯಿ ಬೆರಳುದ್ದ ಆಯಿತು. ಕೊಯ್ದು ನಾಲ್ಕು ಹೋಳು ಮಾಡಿ ಎಲ್ಲರಿಗೂ ಕೊಟ್ಟೆ. ಯಾಮಿನಿ ಥೂ ಎಂದು ಉಗಿದಳು. ಮೇಡಂ ಜಗಿಯುತ್ತಾ, "ಪರವಾಗಿಲ್ಲ ಬಿಡೇ, ಹಾಗಲಕಾಯಿ ಅಂತ ತಿಳ್ಕೊಂಡು ತಿಂತೀನಿ" ಎಂದರು. ಒಳ್ಳೆಯವರು ಅಕ್ಕ ಅವರು. ಒಳ್ಳೆಯವರ ಮುಂದೆ ಸೋಲುವುದು ಇನ್ನೂ ಕಷ್ಟ.

ಇನ್ನು ಆರು ವಾರ ಇದೆ. ಬೆಂಡೆಯ ಮೇಲೆ ಜೀವ ಇಟ್ಟುಕೊಂಡಿದ್ದೇನೆ.

ಸುಗಂಧಿ


ಎಗೈಲಾ
6 ಸೆಪ್ಟೆಂಬರ್ 2002

ಪ್ರೀತಿಯ ಅಕ್ಕನಿಗೆ,

ನೀನು ಮೂರು ಸಲ ಕೇಳಿದೆ, ತೋಟ ಏನಾಯಿತು ಎಂದು. ಹೋದ ಶುಕ್ರವಾರ ನೀನು ಫೋನಿನಲ್ಲಿ ಕೇಳಿದಾಗ ಲೈನ್ ಸರಿಯಿಲ್ಲ ಎಂದೆ. ಲೈನ್ ಸರಿಯಾಗಿಯೇ ಇತ್ತು. ಮನ್ನಿಸು.

ಅರಬಿ ಸೆಪ್ಟೆಂಬರ್ ಒಂದಕ್ಕೆ, ಆದಿತ್ಯವಾರ, ಸರಿಯಾಗಿ ಬಂದರು. ಅದರ ಹಿಂದಿನ ದಿನವೇ ನಾನು ಒಣಗಿದ ಬಳ್ಳಿಗಳನ್ನೆಲ್ಲ ಕಿತ್ತು ಚೀಲದಲ್ಲಿ ತುಂಬಿ ಕಸಕ್ಕೆ ಹಾಕಿದ್ದೆ. ಉಳಿದದ್ದು ಬೆಂಡೆ ಗಿಡ ಎರಡು. ಅವುಗಳಲ್ಲಿ ಒಟ್ಟು ಏಳು ಬೆಂಡೆಕಾಯಿ. ಏಳರಲ್ಲಿ ನಾಲ್ಕು ಬಲಿತು ಕಟ್ಟಿಗೆಯಾಗಿದ್ದವು, ಬುಟ್ಟಿ ತುಂಬಿದಂತೆ ಕಾಣಲಿ ಎಂದು ಅವನ್ನೂ ಕೊಯ್ಯದೆ ಬಿಟ್ಟಿದ್ದೆ. ಹೀಗೆ ಮಾಡುವವಳಾಗಿಬಿಟ್ಟೆನಲ್ಲ ಎಂದು ನನಗೇ ಅಸಹ್ಯವಾಯಿತು.

ಅರಬಿ ಸೀರೆಯ ಚಪ್ಪರದ ಕೆಳಗೆ ಬಗ್ಗಿ ಬಂದರು. ಗುಂಡಿಗಳನ್ನು ನೋಡಿದರು, ಡಬ್ಬಗಳನ್ನು ನೋಡಿದರು. ಒಂದು ಬೆಂಡೆಕಾಯಿ ಮುರಿಯಲು ನೋಡಿದರು, ಅದು ಮುರಿಯಲೇ ಇಲ್ಲ, ಬಾಗಿತು. "ಮಾಫಿ" ಎಂದರು. ಇಲ್ಲ ಎಂದರ್ಥ. ಗದರಲಿಲ್ಲ. ಸಾರ್ ಹತ್ತಿರ ಏನೋ ಹೇಳಿದರು. ಈ ಹುಡುಗಿ ಈ ಬಿಸಿಲಲ್ಲಿ ಇಷ್ಟು ಮಾಡಿದ್ದೇ ದೊಡ್ಡದು, ಆದರೆ ಮಾತು ಮಾತೇ ಎಂದರಂತೆ.

ನನಗೆ ಅಷ್ಟಕ್ಕೆ ಬೇಜಾರಿಲ್ಲ. ನನ್ನ ಕಡೆಯಿಂದ ಆಡಿದ ಮಾತು, ನಾನೇ ಸೋತೆ. ಆಗ ಮೇಡಂ ನನ್ನ ಬೆನ್ನಿನ ಮೇಲೆ ಕೈಯಿಟ್ಟು ನನ್ನನ್ನು ಕಾಪಾಡಲಿಕ್ಕೆಂದೇ ಹೇಳಿದರು, "ಪಾಪ, ಅವಳಿಗೇನು ಗೊತ್ತಾಗುತ್ತೆ ರೀ, ಓದಿದ ಹುಡುಗಿಯಲ್ಲ. ಯಾವ ತಿಂಗಳಲ್ಲಿ ಏನು ಬಿತ್ತಬೇಕು ಅಂತ ನಾವಾದ್ರೂ ಕೇಳಿ ತಿಳ್ಕೊಬೇಕಿತ್ತು."

ನಾನು ಒಳಗೆ ಹೋಗಿ ಪಾತ್ರೆ ತೊಳೆದೆ. ತೊಳೆದ ಪಾತ್ರೆಯನ್ನೇ ಪುನಃ ತೊಳೆದೆ.

ಬುಧವಾರ ಕೆಲಸದವರು ಬಂದರು. ಮಧ್ಯಾಹ್ನದೊಳಗೆ ಗುಂಡಿಗಳನ್ನು ಮುಚ್ಚಿ, ಮರಳು ಮಟ್ಟ ಮಾಡಿ, ಕೆಂಪು ಕಲ್ಲು ಕೂರಿಸಿ ಹೋದರು. ಬೆಂಡೆ ಗಿಡ ಎರಡನ್ನೂ ಅಗೆದು ಡಬ್ಬಕ್ಕೆ ಹಾಕಿದ್ದೆ, ಸಂಜೆಗೇ ಬಾಡಿದವು.

ಹೊಟ್ಟೆಗೆ ಕಿಚ್ಚಿಟ್ಟ ಸಂಗತಿ ಇನ್ನೊಂದು. ಗುರುವಾರ ಬೆಳಿಗ್ಗೆ ಬಟ್ಟೆ ಒಣಗಿಸಲು ಹೋದರೆ ಗೋಡೆಯಾಚೆ ಸಿರಾಜುಲ್ ಚಾಚಾ ಬೀಜ ಹಾಕುತ್ತಿದ್ದಾರೆ. ಹಾಡಿಕೊಂಡು. "ಅಬ್ ಟೈಮ್ ಆಯಾ, ಬೇಟಿ" ಎಂದರು. ಈಗ ಕಾಲ ಬಂತು ಎಂದು. ಇಲ್ಲಿಯವರು ಬಿತ್ತುವುದು ಸೆಪ್ಟೆಂಬರಿನಲ್ಲಿ. ಚಳಿಗಾಲವಿಡೀ ಸೌತೆ, ಬದನೆ, ಟೊಮೆಟೊ, ಸೊಪ್ಪು, ಏನು ಹಾಕಿದರೂ ಬರುತ್ತದಂತೆ. ಬೇಸಿಗೆಯಲ್ಲಿ ಇಲ್ಲಿ ಯಾರೂ ಮಣ್ಣು ಮುಟ್ಟುವುದಿಲ್ಲವಂತೆ. ನಾನು ಪತ್ತನಾಜೆ ಕಾದದ್ದು ನಮ್ಮ ಊರಿನ ಮಳೆಗೆ. ಅದು ಸಮುದ್ರ ದಾಟಿ ಬರುವುದಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಈಗ ತಿಂಗಳು ಬಂತು, ತಿಳಿವಳಿಕೆ ಬಂತು, ನೆಲ ಮಾತ್ರ ಇಲ್ಲ. ಬರಿಗಾಲಲ್ಲಿ ಆ ಕಲ್ಲಿನ ಮೇಲೆ ನಿಂತುಕೊಂಡು ಅವರು ಸಾಲು ಎಳೆಯುವುದನ್ನು ನೋಡುತ್ತಿದ್ದೆ. ಅಂಗಾಲು ಸುಟ್ಟದ್ದು ಒಳಗೆ ಬಂದ ಮೇಲೆ ಗೊತ್ತಾಯಿತು.

ಯಾಮಿನಿಗೆ ಸ್ಕೂಲು ಶುರುವಾಗಿದೆ. ಅವಳ ಪುಸ್ತಕಕ್ಕೆ ಬೈಂಡು ಹಾಕಿಕೊಟ್ಟೆ. ಭಾವನಿಗೆ ನನ್ನ ನಮಸ್ಕಾರ ತಿಳಿಸು. ಅಪ್ಪ ಚಳಿಗೆ ಹೊರಗೆ ಮಲಗದಿರಲಿ. ಪುಟ್ಟ ನಡೆಯಲು ಕಲಿಯಲಿ, ಬೀಳದೆ ನಡೆಯಲಿ, ಬಿದ್ದರೂ ನಗುತ್ತಾ ಏಳಲಿ, ಅವನಿಗೆ ಚಿಕ್ಕಮ್ಮನ ಆಶೀರ್ವಾದ ಅದೇ.

ನಿನ್ನ,
ಸುಗಂಧಿ

ಮರೆತದ್ದಲ್ಲ, ಬರೆಯಲು ಹೆದರಿ ಕೊನೆಗೆ ಇಟ್ಟದ್ದು: ನಾನು ನಾಲ್ಕನೇ ಕ್ಲಾಸು ಪಾಸಾದ ವರ್ಷ ಅಪ್ಪ ನಮ್ಮಿಬ್ಬರಿಗೂ ಒಂದೊಂದು ಸಾಲು ಹರಿವೆ ಹಾಕಲು ಕೊಟ್ಟರು. ಯಾರ ಸಾಲು ಚೆನ್ನಾಗಿ ಬರುತ್ತದೋ ಅವರು ತೋಟಕ್ಕೆ, ಇನ್ನೊಬ್ಬರು ಶಾಲೆಗೆ ಎಂದಿದ್ದರು. ನನ್ನದು ಮೊಣಕಾಲೆತ್ತರ ಬಂತು. ನಿನ್ನದು ಗೇಣುದ್ದಕ್ಕೆ ನಿಂತಿತು. ಇವಳದ್ದು ಕೈಗುಣ, ಇವಳಿಗೆ ಓದು ಯಾಕೆ ಎಂದರು ಅಪ್ಪ. ಆ ದಿನಗಳಲ್ಲಿ ಒಂದು ಬೆಳಿಗ್ಗೆ ನೀನು ಹಟ್ಟಿಯಿಂದ ಗೋಮೂತ್ರದ ಕೊಡಪಾನ ಹೊತ್ತು ತೋಟಕ್ಕೆ ಹೋಗುವುದನ್ನು ನಾನು ನೋಡಿದ್ದೆ. ನಿನ್ನ ಸಾಲಿಗೆ ಗೊಬ್ಬರವಾಗಿ ಹೊಯ್ಯಲು ಎಂದುಕೊಂಡು ಹೊದ್ದು ಮಲಗಿದೆ. ಹನ್ನೊಂದು ವರ್ಷ ಹಾಗೆಯೇ ತಿಳಿದುಕೊಂಡಿದ್ದೆ, ನನ್ನ ಕೈಗುಣ ಇಲ್ಲಿ ಸೋಲುವವರೆಗೆ. ಅದನ್ನು ಯಾರ ಸಾಲಿಗೆ ಹೊಯ್ದೆ ಅಕ್ಕ? ನನ್ನದಕ್ಕೆ ಎಂದರೂ ನಾನು ನಿನ್ನ ಮೇಲೆ ಹಗೆ ಇಟ್ಟುಕೊಳ್ಳುವುದಿಲ್ಲ, ನಿನಗೂ ಆಗ ಹದಿನಾಲ್ಕೇ ವರ್ಷ, ನಿನಗೂ ಶಾಲೆ ಬೇಕಿತ್ತು. ಆದರೆ ಉತ್ತರ ಬರೆ. ಸಮಾಧಾನ ಹೇಳಬೇಡ, ಹೌದು ಅಥವಾ ಅಲ್ಲ, ಒಂದೇ ಮಾತು ಸಾಕು. ಅಷ್ಟನ್ನು ನಾನು ಓದಬಲ್ಲೆ.